ಗಾಳಿಯ ನಕ್ಷೆ ಯಾರ ಕೈಯಲ್ಲಿದೆ?

ಹೆದ್ದಾರಿಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿದ ಸುದ್ದಿ ಬಂದ ಕೂಡಲೇ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಬಗೆಯ ಮೆಸೇಜು ಓಡಾಡುತ್ತದೆ. ಒಂದು, "ಯಾರೂ ಆ ಕಡೆ ಹೋಗಬೇಡಿ, ಎಲ್ಲರಿಗೂ ಶೇರ್ ಮಾಡಿ." ಇನ್ನೊಂದು, ಟ್ಯಾಂಕರಿನ ಹತ್ತಿರವೇ ನಿಂತು ತೆಗೆದ ವೀಡಿಯೊ. ಈಗೀಗ ಮೂರನೆಯದೊಂದು ಸೇರಿಕೊಂಡಿದೆ: "ಗ್ಯಾಸ್ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಹೇಳುವ ಸಾಫ್ಟ್‌ವೇರ್ ಬಂದಿದೆ, ನಮ್ಮ ಸರ್ಕಾರಕ್ಕೆ ಮಾತ್ರ ಗೊತ್ತಿಲ್ಲ."

ನನ್ನ ಜಗಳ ಇರುವುದು ಈ ಮೂರನೆಯ ಮೆಸೇಜಿನ ಜೊತೆ. ಸಾಫ್ಟ್‌ವೇರ್ ಇರುವುದು ನಿಜ. ಆದರೆ ಅದು ಹೊಸತಲ್ಲ, ಹೆಚ್ಚುಕಡಿಮೆ ನಲವತ್ತು ವರ್ಷ ಹಳೆಯದು. ಸರ್ಕಾರಕ್ಕೂ ಗೊತ್ತಿದೆ, ಕಂಪೆನಿಗಳಿಗೂ ಗೊತ್ತಿದೆ. ಗೊತ್ತಿಲ್ಲದಿರುವುದು ಗ್ಯಾಸ್ ಕುಡಿಯಬೇಕಾದ ನಮಗೆ. ಅದು ಬಿಡಿಸುವ ನಕ್ಷೆಯನ್ನು ನಮ್ಮಂಥವರಿಗೆ ತೋರಿಸುವ ಅಭ್ಯಾಸ ಇಲ್ಲಿ ಯಾರಿಗೂ ಇಲ್ಲ. ಕೇಳುವ ಅಭ್ಯಾಸ ನಮಗೂ ಇಲ್ಲ.

ನಾನು ವಿಜ್ಞಾನಿ ಅಲ್ಲ ಮಾರಾಯ್ರೆ. ಮಂಜೇಶ್ವರ ತಾಲೂಕಿನಲ್ಲಿ ಹೆದ್ದಾರಿ ಬದಿಯ ಅಂಗಡಿಕಾರನ ಮಗ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಜುಬೈಲಿನಲ್ಲಿ ಕೆಲವು ವರ್ಷ ಶಟ್‌ಡೌನ್ ಕೆಲಸ ಮಾಡಿದೆ. ಅಲ್ಲಿ ಮೊದಲ ದಿನ ನಮಗೆ ಕಲಿಸಿದ್ದು ಬೋಲ್ಟ್ ಬಿಚ್ಚುವುದನ್ನಲ್ಲ, ಗಾಳಿ ನೋಡುವುದನ್ನು. ಹೈಡ್ರೋಜನ್ ಸಲ್ಫೈಡ್ ಅಂತ ಒಂದು ಗ್ಯಾಸ್ ಇದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ, ಮನುಷ್ಯ ಬಿದ್ದ ಮೇಲೆಯೇ ಪಕ್ಕದವನಿಗೆ ಗೊತ್ತಾಗುವುದು. ಹಾಗಾಗಿ ಎದೆಗೆ ಒಂದು ಸಣ್ಣ ಮಾನಿಟರ್, ಎತ್ತರದಲ್ಲಿ ಅಲ್ಲಲ್ಲಿ ಕಿತ್ತಳೆ ಬಣ್ಣದ ಗಾಳಿಚೀಲ. ಅಲಾರಂ ಹೊಡೆದರೆ ಮೊದಲು ಚೀಲ ನೋಡಬೇಕು, ಗಾಳಿಗೆ ಅಡ್ಡವಾಗಿ ಓಡಬೇಕು, ಆಮೇಲೆ ಗಾಳಿ ಬರುವ ದಿಕ್ಕಿಗೆ ತಿರುಗಬೇಕು. ಗಾಳಿ ಹೋಗುವ ದಿಕ್ಕಿಗೆ ಓಡಿದವನನ್ನು ಗ್ಯಾಸ್ ಹಿಂದಿನಿಂದ ಬಂದು ಹಿಡಿಯುತ್ತದೆ. ಇದನ್ನು ಹಿಂದಿಯಲ್ಲಿ, ಉರ್ದುವಿನಲ್ಲಿ, ಅರಬಿಯಲ್ಲಿ, ಇಂಗ್ಲಿಷಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು.

ನಮ್ಮ ಬ್ಯಾರಿ ಮನೆಗಳಲ್ಲಿ ಈ ಪಾಠ ಕಲಿತ ಗಂಡಸರು ಎಷ್ಟು ಜನ ಇದ್ದಾರೆ, ಒಮ್ಮೆ ಲೆಕ್ಕ ಹಾಕಿ. ಅವರೆಲ್ಲ ಅಲ್ಲಿದ್ದಾರೆ. ಟ್ಯಾಂಕರ್ ದಾಟುವ ರಸ್ತೆಯ ಬದಿಯಲ್ಲಿ ಇಲ್ಲಿ ಮಲಗುತ್ತಿರುವುದು ಅವರ ಉಮ್ಮ, ಹೆಂಡತಿ, ಮಕ್ಕಳು.

ಈ ಸಾಫ್ಟ್‌ವೇರ್ ಎಂದರೆ ಏನು, ಅದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದಕ್ಕೆ ಇಲ್ಲದ ಮಹಿಮೆಯನ್ನು ಅಂಟಿಸುವವರು ಜಾಸ್ತಿ ಇದ್ದಾರೆ. ಹೆಚ್ಚು ಹೆಸರು ಮಾಡಿದ್ದು ಅಲೋಹಾ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮತ್ತು ಅಲ್ಲಿನ ಸಾಗರ-ವಾತಾವರಣ ಇಲಾಖೆ ಸೇರಿ ಮಾಡಿದ್ದು. ಪುಕ್ಕಟೆ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಅದು ನಿಮ್ಮನ್ನು ಪ್ರಶ್ನೆ ಕೇಳುತ್ತಾ ಹೋಗುತ್ತದೆ: ಯಾವ ರಾಸಾಯನಿಕ, ಟ್ಯಾಂಕ್ ಎಷ್ಟು ದೊಡ್ಡದು, ತೂತು ಎಷ್ಟು ಅಗಲ, ಗಾಳಿ ಯಾವ ಕಡೆಯಿಂದ ಎಷ್ಟು ವೇಗದಲ್ಲಿ ಬೀಸುತ್ತಿದೆ, ಮೋಡ ಎಷ್ಟು, ಸೆಕೆ ಎಷ್ಟು, ನೆಲ ಬಯಲೋ ಮನೆ-ಮರ ತುಂಬಿದ್ದೋ. ಎಲ್ಲ ಕೊಟ್ಟರೆ ಒಂದು ನಕ್ಷೆ ಬರೆಯುತ್ತದೆ. ಒಳಗೆ ಕೆಂಪು, ಅದರ ಆಚೆ ಕಿತ್ತಳೆ, ಅದರ ಆಚೆ ಹಳದಿ. ಅಮೋನಿಯಾ ಆದರೆ ಒಂದು ಗಂಟೆಯ ಲೆಕ್ಕದಲ್ಲಿ 1,100 ಪಿಪಿಎಂ ದಾಟಿದರೆ ಜೀವಕ್ಕೆ ಅಪಾಯ, 160 ದಾಟಿದರೆ ವಾಸಿಯಾಗದ ಹಾನಿ ಆಗಬಹುದು ಅಥವಾ ತಪ್ಪಿಸಿಕೊಳ್ಳುವ ಶಕ್ತಿ ಹೋಗಬಹುದು, 30ಕ್ಕೆ ಕಣ್ಣು-ಗಂಟಲು ಉರಿ. ಆ ಮೂರು ಅಂಕಿಗಳೇ ಆ ಮೂರು ಬಣ್ಣ. ಎಲ್‌ಪಿಜಿಯಂಥ ಗ್ಯಾಸಿಗೆ ವಿಷದ ಬದಲು ಎಲ್ಲಿಯವರೆಗೆ ಬೆಂಕಿ ಹಿಡಿದೀತು ಎಂಬ ನಕ್ಷೆಯನ್ನೂ ಕೊಡುತ್ತದೆ.

ಇನ್ನು ಅದಕ್ಕೆ ಏನು ಆಗುವುದಿಲ್ಲ ಎಂಬುದನ್ನು ಅದನ್ನು ಮಾಡಿದವರೇ ಬರೆದಿಟ್ಟಿದ್ದಾರೆ. ಒಂದು ಗಂಟೆಯಿಂದ ಮುಂದಕ್ಕೆ ಹೇಳುವುದಿಲ್ಲ. ಹತ್ತು ಕಿಲೋಮೀಟರಿನಿಂದ ಆಚೆಗೆ ಬರೆಯುವುದಿಲ್ಲ. ಗುಡ್ಡ, ತಗ್ಗು ಅದಕ್ಕೆ ಗೊತ್ತಿಲ್ಲ, ಭೂಮಿ ಚಪ್ಪಟೆ ಎಂದೇ ಅದರ ನಂಬಿಕೆ. ಗಾಳಿ ಒಂದು ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆ ಇದ್ದರೆ ಲೆಕ್ಕವನ್ನೇ ತೆಗೆದುಕೊಳ್ಳುವುದಿಲ್ಲ. ಗಾಳಿ ಬೀಸದೆ ತಣ್ಣಗೆ ನಿಂತ ರಾತ್ರಿಯಲ್ಲಿ ಅದರ ಮಾತನ್ನು ಪೂರ್ತಿ ನಂಬಬೇಡಿ ಎಂದೂ ಹೇಳಿದ್ದಾರೆ.

ಈಗ ದೊಡ್ಡ ದುರಂತಗಳು ಯಾವ ಹೊತ್ತಿಗೆ ಆದವು ನೋಡಿ. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ನಡುರಾತ್ರಿ. ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ 2020ರ ಮೇ 7ರ ಬೆಳಗಿನ ಜಾವ. ಕಣ್ಣೂರಿನ ಚಾಲದಲ್ಲಿ 2012ರ ಆಗಸ್ಟ್ 27ರ ರಾತ್ರಿ. ರಾತ್ರಿ ನೆಲ ತಣಿಯುತ್ತದೆ, ಗಾಳಿ ನಿಲ್ಲುತ್ತದೆ, ಗಾಳಿಗಿಂತ ಭಾರವಾದ ಗ್ಯಾಸ್ ಮೇಲಕ್ಕೆ ಏಳದೆ ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ಸಾಫ್ಟ್‌ವೇರ್ ಕೈಚೆಲ್ಲುವ ಹೊತ್ತಿನಲ್ಲೇ ಮನುಷ್ಯರು ಮಲಗಿರುತ್ತಾರೆ. ಆದ್ದರಿಂದ "ಕಂಪ್ಯೂಟರ್ ತಂದರೆ ಸಾಕು" ಎನ್ನುವವರನ್ನು ನಾನು ನಂಬುವುದಿಲ್ಲ. ಹಾಗೆಂದು "ಅದು ಸರಿಯಾಗಿ ಹೇಳುವುದಿಲ್ಲ, ಹಾಗಾಗಿ ಜನರಿಗೆ ಬೇಡ" ಎನ್ನುವವರನ್ನು ಇನ್ನೂ ಕಡಿಮೆ ನಂಬುತ್ತೇನೆ. ಎರಡಕ್ಕೂ ಸಾಕ್ಷಿ ಇದೆ.

ಮೊದಲನೆಯದಕ್ಕೆ ಸಾಕ್ಷಿ ಅಮೆರಿಕದ್ದು. ಭೋಪಾಲದಲ್ಲಿ ಆದದ್ದನ್ನು ನೋಡಿ ಯೂನಿಯನ್ ಕಾರ್ಬೈಡ್ ಕಂಪೆನಿ ವೆಸ್ಟ್ ವರ್ಜೀನಿಯಾದ ಇನ್‌ಸ್ಟಿಟ್ಯೂಟ್ ಎಂಬ ಊರಿನ ತನ್ನ ಕಾರ್ಖಾನೆಗೆ ಹೊಸ ವ್ಯವಸ್ಥೆಗಳನ್ನು ಹಾಕಿಸಿತು. ಭೋಪಾಲದಲ್ಲಿ ಸೋರಿದ ಅದೇ ಮಿಥೈಲ್ ಐಸೋಸಯನೇಟನ್ನು ಅಲ್ಲಿಯೂ ಮಾಡುತ್ತಿದ್ದರು. ಸುತ್ತ ವಾಸ ಇದ್ದವರಲ್ಲಿ ಕಪ್ಪು ಜನರು ಹೆಚ್ಚು. ಗ್ಯಾಸ್ ಸೋರಿದರೆ ಮೋಡ ಯಾವ ಕಡೆ ಹೋಗುತ್ತದೆ ಎಂದು ಹೇಳುವ ಕಂಪ್ಯೂಟರ್ ವ್ಯವಸ್ಥೆಯೂ ಅಲ್ಲಿತ್ತು, ಅದರ ಹೆಸರು ಸೇಫರ್. ಭೋಪಾಲವಾಗಿ ಎಂಟು ತಿಂಗಳು ಕಳೆದು, 1985ರ ಆಗಸ್ಟ್ 11ರಂದು, ಅಲ್ಲಿ ಗ್ಯಾಸ್ ಸೋರಿಯೇ ಸೋರಿತು. ಸೋರಿದ್ದು ಆಲ್ಡಿಕಾರ್ಬ್ ಆಕ್ಸೈಮ್. ಆ ಹೆಸರು ಕಂಪ್ಯೂಟರಿನ ಪಟ್ಟಿಯಲ್ಲೇ ಇರಲಿಲ್ಲ. ಊರಿಗೆ ಎಚ್ಚರಿಕೆ ಹೋದದ್ದು ತಡವಾಗಿ. 135ರಷ್ಟು ಜನ ಆಸ್ಪತ್ರೆ ಸೇರಿದರು. ಅಂದರೆ ಭೋಪಾಲದ ಪಾಠವೆಂದು ಪೆಟ್ಟಿಗೆ ತಂದಿಟ್ಟುಕೊಂಡರು, ಪೆಟ್ಟಿಗೆಯೊಳಗೆ ಯಾವ ಯಾವ ವಿಷದ ಹೆಸರಿದೆ ಎಂದು ಕೇಳುವ ಹಕ್ಕು ಊರಿನವರಿಗೆ ಇರಲಿಲ್ಲ. ಮರುವರ್ಷ, 1986ರಲ್ಲಿ, ಅಮೆರಿಕ ಒಂದು ಕಾನೂನು ಮಾಡಿತು. ಅದರ ಹೆಸರಿನಲ್ಲೇ "ಸಮುದಾಯದ ತಿಳಿಯುವ ಹಕ್ಕು" ಎಂದಿದೆ. ಆ ಹಕ್ಕು ಯಾರೂ ದಾನ ಕೊಟ್ಟದ್ದಲ್ಲ.

ಎರಡನೆಯದಕ್ಕೆ ಸಾಕ್ಷಿ ಜಪಾನಿನದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ 1979ರಲ್ಲಿ ಅಪಘಾತವಾದ ಮೇಲೆ ಜಪಾನ್ ಒಂದು ವ್ಯವಸ್ಥೆ ಕಟ್ಟಲು ಹೊರಟಿತು. ಅದರ ಹೆಸರು ಸ್ಪೀಡಿ. ಸ್ಥಾವರದಿಂದ ವಿಕಿರಣದ ಧೂಳು ಹೊರಬಿದ್ದರೆ ಗಾಳಿ, ಮಳೆ, ಗುಡ್ಡ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅದು ಯಾವ ಊರಿನ ಮೇಲೆ ಬೀಳುತ್ತದೆ ಎಂದು ಹೇಳುವುದು ಅದರ ಕೆಲಸ. ಅಲೋಹಾದ ಹಾಗೆ ಚಪ್ಪಟೆ ಭೂಮಿಯ ಲೆಕ್ಕವಲ್ಲ, ದೊಡ್ಡ ಯಂತ್ರ. ಸಾವಿರ ಕೋಟಿ ಯೆನ್‌ಗಿಂತ ಹೆಚ್ಚು ಅದಕ್ಕೆ ಸುರಿದರು.

2011ರ ಮಾರ್ಚ್ 11ರಂದು ಭೂಕಂಪವಾಗಿ ಸುನಾಮಿ ಬಂತು, ಫುಕುಶಿಮಾ ಸ್ಥಾವರ ಕೈಬಿಟ್ಟು ಹೋಯಿತು. ಪಕ್ಕದ ನಾಮಿಯೆ ಪಟ್ಟಣದವರು ಮರುದಿನ ಮನೆ ಬಿಟ್ಟರು. ಟೌನ್ ಆಫೀಸ್ ಸಮೇತ ಸಾವಿರಾರು ಜನ ಗುಡ್ಡದ ಕಡೆಯ ಸುಶಿಮಾ ಎಂಬಲ್ಲಿಗೆ ಹೋಗಿ ಉಳಿದರು, ಸ್ಥಾವರದಿಂದ ಸುಮಾರು 30 ಕಿಲೋಮೀಟರ್ ವಾಯವ್ಯಕ್ಕೆ. ದೂರ ಬಂದೆವು, ಬಚಾವಾದೆವು ಎಂದುಕೊಂಡರು. ಮಕ್ಕಳು ಹೊರಗೆ ಆಡಿದರು. ಗಾಳಿ ತಿರುಗಿದ್ದು ಅದೇ ವಾಯವ್ಯಕ್ಕೆ. 15ನೇ ತಾರೀಖಿಗೆ ಮಳೆ-ಹಿಮದ ಜೊತೆ ವಿಷ ಇಳಿದದ್ದೂ ಆ ಕಡೆಯ ಗುಡ್ಡಗಳ ಮೇಲೆಯೇ. ಆ ದಿನವೇ ಅವರು ಅಲ್ಲಿಂದ ಮತ್ತೆ ಎದ್ದು ಬೇರೆ ಊರಿಗೆ ಓಡಬೇಕಾಯಿತು.

ಸ್ಪೀಡಿ ಆಗ ಸುಮ್ಮನೆ ಕುಳಿತಿರಲಿಲ್ಲ. ಮೊದಲ ದಿನದಿಂದಲೇ ಗಂಟೆಗೊಂದು ನಕ್ಷೆ ಬರೆಯುತ್ತಿತ್ತು. ಆ ನಕ್ಷೆಗಳು ಟೋಕಿಯೊದ ಕಚೇರಿಗಳಲ್ಲಿದ್ದವು. ಫುಕುಶಿಮಾ ಪ್ರಾಂತದ ಕಚೇರಿಗೆ ಇಮೇಲಿನಲ್ಲಿ ಬಂದವು, ಹೆಚ್ಚಿನವು ಅಳಿಸಿಹೋದವು. ಮಾರ್ಚ್ 14ಕ್ಕೆ ಅಮೆರಿಕದ ಸೇನೆಗೆ ತಲುಪಿದವು. ಸ್ವಂತ ಜನರಿಗೆ ಮೊದಲ ನಕ್ಷೆ ತೋರಿಸಿದ್ದು ಮಾರ್ಚ್ 23ಕ್ಕೆ. ನಾಮಿಯೆ ಪಟ್ಟಣದವರು ಸುಶಿಮಾ ಬಿಟ್ಟು ಎಂಟು ದಿನ ಆಗಿತ್ತು.

ಯಾಕೆ ಕೊಡಲಿಲ್ಲ? ಅಧಿಕಾರಿಗಳು ಕೊಟ್ಟ ಕಾರಣ ತಾಂತ್ರಿಕವಾದದ್ದು. ಸ್ಥಾವರದಿಂದ ಎಷ್ಟು ವಿಕಿರಣ ಹೊರಬರುತ್ತಿದೆ ಎಂಬ ಅಂಕಿ ಸಿಗುತ್ತಿರಲಿಲ್ಲ, ಮೀಟರುಗಳೇ ಕೆಟ್ಟಿದ್ದವು. ಹಾಗಾಗಿ "ಗಂಟೆಗೆ ಒಂದು ಪಾಲು ಬರುತ್ತಿದೆ" ಎಂದು ಊಹಿಸಿ ಲೆಕ್ಕ ಹಾಕಿದ್ದರು, ಅಂಥ ಅರೆಬರೆ ನಕ್ಷೆ ಜನರನ್ನು ಗಾಬರಿಗೊಳಿಸುತ್ತದೆ ಎಂದರು. ಈ ವಾದವನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಜಪಾನಿನ ಸಂಸತ್ತು ನೇಮಿಸಿದ ಆಯೋಗ ಕೂಡ ಆ ನಕ್ಷೆಗಳನ್ನು ನಂಬಿ ಮೊದಲ ದಿನಗಳಲ್ಲಿ ಜನರನ್ನು ಸಾಗಿಸುವುದು ಸಾಧ್ಯವಿರಲಿಲ್ಲ ಎಂದಿತು. ಸರ್ಕಾರ ನೇಮಿಸಿದ ಇನ್ನೊಂದು ಸಮಿತಿ ಮಾತ್ರ, ಕೊಟ್ಟಿದ್ದರೆ ಊರಿನವರು ಹೊರಡುವ ಹೊತ್ತನ್ನೂ ದಿಕ್ಕನ್ನೂ ಚೆನ್ನಾಗಿ ಆರಿಸಿಕೊಳ್ಳಬಹುದಿತ್ತು ಎಂದಿತು. 2014ರಲ್ಲಿ ಅಲ್ಲಿನ ಅಣು ನಿಯಂತ್ರಣ ಪ್ರಾಧಿಕಾರ, ಜನರನ್ನು ಸಾಗಿಸುವ ತೀರ್ಮಾನಕ್ಕೆ ಇನ್ನು ಸ್ಪೀಡಿ ಬಳಸುವುದಿಲ್ಲ, ನೆಲದಲ್ಲಿ ಅಳತೆ ಮಾಡಿಯೇ ಹೇಳುತ್ತೇವೆ ಎಂದು ನಿರ್ಧರಿಸಿತು.

ನಾನು ಎರಡನೆಯ ಸಮಿತಿಯ ಕಡೆ. ವಿಷ ಎಷ್ಟು ಎಂಬುದು ಗೊತ್ತಿಲ್ಲದಿದ್ದರೂ ಯಾವ ಕಡೆಗೆ ಎಂಬುದು ಗೊತ್ತಿತ್ತು. ಅಂಗಡಿಯ ಹಿಂದೆ ಹೊಗೆ ಕಂಡರೆ ಬೆಂಕಿ ಎಷ್ಟು ದೊಡ್ಡದು ಎಂದು ಅಳೆದ ಮೇಲೆ ಗಿರಾಕಿಗಳಿಗೆ ಹೇಳೋಣ ಎಂದು ಯಾವ ಅಂಗಡಿಕಾರನೂ ಕೂರುವುದಿಲ್ಲ. "ಇಷ್ಟು ಗೊತ್ತಿದೆ, ಇಷ್ಟು ಗೊತ್ತಿಲ್ಲ, ನೀವೇ ನೋಡಿ" ಎಂದು ನಾಮಿಯೆಯ ಮೇಯರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಜನ ಗಾಬರಿಯಾಗುತ್ತಾರೆ ಎಂಬುದು ಕಚೇರಿಯವರ ಗಾಬರಿ. ಜನ ಈ ಮೊದಲೇ ಓಡುತ್ತಿದ್ದರು, ಯಾವ ಕಡೆ ಎಂಬುದಷ್ಟೇ ಅವರ ಪ್ರಶ್ನೆ.

ಭೋಪಾಲದಲ್ಲೂ ಇದೇ ಮಾತು ಬೇರೆ ವೇಷದಲ್ಲಿತ್ತು. ಊರಿಗೆ ಕೇಳುವ ಸೈರನ್ ಸ್ವಲ್ಪ ಹೊತ್ತು ಕೂಗಿತು, ಆಮೇಲೆ ನಿಲ್ಲಿಸಿದರು. ಜನ ಗಾಳಿಯ ದಿಕ್ಕಿಗೇ ಓಡಿದರು. ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಿ ಎಂಬ ಒಂದು ಸಾಲು ಕೂಡ ಮೊದಲೇ ಯಾರೂ ಅವರಿಗೆ ಹೇಳಿರಲಿಲ್ಲ. ವಿಶಾಖಪಟ್ಟಣದಲ್ಲಿ ಕಾರ್ಖಾನೆಯೊಳಗೆ ಸೈರನ್ ಬಟನ್‌ಗಳಿದ್ದವು, ಯಾರೂ ಒತ್ತಲಿಲ್ಲ. 12 ಜನ ತೀರಿಹೋದರು.

ಇನ್ನು ನಮ್ಮ ಕಾನೂನು. ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮದಲ್ಲಿ ಕಾರ್ಖಾನೆಯ ಹೊರಗಿನ ಅಪಘಾತಕ್ಕೆ ಯೋಜನೆ ಮಾಡಬೇಕು ಎಂದಿದೆ. ಅದೇ ನಿಯಮಗಳ 15ನೆಯದರಲ್ಲಿ, ಅಪಘಾತವಾದರೆ ತೊಂದರೆಗೆ ಒಳಗಾಗಬಹುದಾದ ಹೊರಗಿನ ಜನರಿಗೆ ಅಪಾಯ ಯಾವ ರೀತಿಯದು, ಏನು ಮಾಡಬೇಕು, ಏನು ಮಾಡಬಾರದು ಎಂದು ಮೊದಲೇ ತಿಳಿಸಬೇಕು ಎಂದು ಸ್ಪಷ್ಟವಾಗಿ ಬರೆದಿದೆ. 1996ರ ರಾಸಾಯನಿಕ ಅಪಘಾತಗಳ ನಿಯಮ ಜಿಲ್ಲೆಗೊಂದು ಬಿಕ್ಕಟ್ಟು ಸಮಿತಿ ಇರಬೇಕು, ಕೇಳಿದರೆ ಮಾಹಿತಿ ಕೊಡಬೇಕು ಎನ್ನುತ್ತದೆ. "ಕೇಳಿದರೆ" ಎಂಬ ಪದ ನೆನಪಿಡಿ.

ನಾನು ಕೇಳಿದ್ದೇನೆ. ಒಂದು ಕಚೇರಿಯಲ್ಲಿ, ಯಾವುದೆಂದು ಇಲ್ಲಿ ಹೇಳುವುದಿಲ್ಲ, ಹೆದ್ದಾರಿಯಲ್ಲಿ ಟ್ಯಾಂಕರ್ ಸೋರಿದರೆ ಎಂದು ಲೆಕ್ಕ ಹಾಕಿದ ನಕ್ಷೆ ಏನಾದರೂ ಇದೆಯಾ ಎಂದು ಕೇಳಿದೆ. ಎದುರಿದ್ದವರು ಮೊದಲು ಒಳ್ಳೆಯದಾಗಿಯೇ ಮಾತಾಡಿದರು, ಕುರ್ಚಿ ಕೊಟ್ಟರು. ಹೆಸರು ಕೇಳಿದ ಮೇಲೆ ಪ್ರಶ್ನೆ ಬೇರೆಯಾಯಿತು. "ನಿಮಗೆ ಅದು ಯಾಕೆ?" ನಾನು ಆ ರಸ್ತೆಯ ಬದಿಯಲ್ಲೇ ಇರುವವನು ಎಂದೆ. "ಅದೆಲ್ಲ ಸೆಕ್ಯೂರಿಟಿ ವಿಷಯ" ಎಂದು ಹೇಳಿ ನನ್ನ ಫೋನ್ ನಂಬರ್ ಬರೆದುಕೊಂಡರು. ನಮ್ಮಲ್ಲಿ ಹಲವರಿಗೆ ಈ ಅನುಭವ ಹೊಸತಲ್ಲ. ಒಬ್ಬ ಬ್ಯಾರಿ ಹುಡುಗ ಗ್ಯಾಸ್ ಟ್ಯಾಂಕಿನ ನಕ್ಷೆ ಕೇಳಿದರೆ ಅವನೇ ಒಂದು ಅಪಾಯ ಆಗಿಬಿಡುತ್ತಾನೆ, ಟ್ಯಾಂಕರ್ ಅಲ್ಲ. ಇದರಿಂದ ಹೆದರಿ ಸುಮ್ಮನಾದವರನ್ನು ನಾನು ದೂರುವುದಿಲ್ಲ. ಆದರೆ ಸುಮ್ಮನಾದರೆ ಲಾಭ ಯಾರಿಗೆ ಎಂಬುದನ್ನೂ ನೋಡಬೇಕಲ್ಲ.

ಸೆಕ್ಯೂರಿಟಿ ಎಂಬ ವಾದಕ್ಕೂ ಉತ್ತರ ಇದೆ. ಅಮೆರಿಕದಲ್ಲಿಯೂ ಈ ಪ್ರಶ್ನೆ ಎದ್ದಿತ್ತು. ಅತಿ ಕೆಟ್ಟ ಅಪಘಾತವಾದರೆ ಎಷ್ಟು ದೂರಕ್ಕೆ ವಿಷ ಹೋಗುತ್ತದೆ ಎಂಬ ಲೆಕ್ಕವನ್ನು ಇಂಟರ್‌ನೆಟ್ಟಿಗೆ ಹಾಕಬಾರದು ಎಂದು 1999ರಲ್ಲಿ ಕಾನೂನು ಮಾಡಿದರು. ಆದರೆ ಮುಚ್ಚಿಡಲಿಲ್ಲ. ಓದುವ ಕೊಠಡಿಗಳನ್ನು ಮಾಡಿ, ಗುರುತಿನ ಚೀಟಿ ತೋರಿಸಿದವರು ಕುಳಿತು ನೋಡಬಹುದು, ಬರೆದುಕೊಳ್ಳಬಹುದು ಎಂದರು. ಇಲ್ಲಿ ಅಷ್ಟಾದರೂ ಮಾಡಲಿ. ತಾಲೂಕು ಕಚೇರಿಯಲ್ಲಿ ಒಂದು ಮೇಜು, ಒಂದು ಫೈಲು. ಆಧಾರ್ ತೋರಿಸಲು ನಮಗೇನೂ ತಕರಾರಿಲ್ಲ, ದಿನಕ್ಕೆ ಹತ್ತು ಕಡೆ ತೋರಿಸುತ್ತೇವೆ.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರುತ್ತೇನೆ. ಹೆದರಿಸುವುದು ನನ್ನ ಉದ್ದೇಶವಲ್ಲ, ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಪಣಂಬೂರಿನಲ್ಲಿ ದೊಡ್ಡ ಕಾರ್ಖಾನೆಗಳಿವೆ, ಬಂದರಿದೆ. ಅಲ್ಲಿ ಏನಾದರೂ ಸೋರಿದರೆ ಅದರ ಭಾರ ಸುರತ್ಕಲ್, ಬೈಕಂಪಾಡಿ, ಕೂಳೂರು ಕಡೆಯವರ ಮೇಲೆ, ಅಲ್ಲಿಯೂ ನಮ್ಮವರು ಬೇಕಾದಷ್ಟು ಇದ್ದಾರೆ. ತಲಪಾಡಿಯಿಂದ ಈಚೆ ಇರುವ ನಮಗೆ ಅದು ದೂರ. ನಮ್ಮ ಅಪಾಯ ಚಕ್ರದ ಮೇಲೆ ಬರುತ್ತದೆ. ಮಂಗಳೂರಿನಲ್ಲಿ ತುಂಬಿಸಿಕೊಂಡ ಎಲ್‌ಪಿಜಿ ಬುಲೆಟ್ ಟ್ಯಾಂಕರುಗಳು ಮಂಜೇಶ್ವರ, ಉಪ್ಪಳ, ಕುಂಬಳೆ ದಾಟಿ ತೆಂಕಕ್ಕೆ ಹೋಗುತ್ತವೆ. ಚಾಲದಲ್ಲಿ ಡಿವೈಡರಿಗೆ ಹೊಡೆದು ಮಗುಚಿದ್ದೂ ಮಂಗಳೂರಿನಿಂದ ಹೊರಟು ನಮ್ಮ ಅಂಗಡಿಗಳ ಮುಂದಿನಿಂದಲೇ ಹಾದುಹೋದ ಟ್ಯಾಂಕರ್. ಗ್ಯಾಸ್ ಅಕ್ಕಪಕ್ಕದ ಮನೆಗಳ ನಡುವೆ ಹರಡಿತು, ಆಮೇಲೆ ಹೊತ್ತಿಕೊಂಡಿತು. 20 ಜನ ಸತ್ತರು. ಮರುವರ್ಷ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಇಂಥದೇ ಇನ್ನೊಂದು.

ಸಾಫ್ಟ್‌ವೇರಿಗೆ ಗೊತ್ತಿಲ್ಲದ್ದು, ನಮಗೆ ಗೊತ್ತಿರುವುದು ಇಲ್ಲಿ ಬಹಳ ಇದೆ. ಹಗಲು ಕಡಲಿನಿಂದ ಗಾಳಿ, ರಾತ್ರಿ ಗುಡ್ಡದಿಂದ ಕಡಲಿಗೆ ಗಾಳಿ, ಇದನ್ನು ದೋಣಿಗೆ ಹೋಗುವ ಯಾರನ್ನು ಕೇಳಿದರೂ ಹೇಳುತ್ತಾರೆ. ಅಂದರೆ ಮಧ್ಯಾಹ್ನ ಹೆದ್ದಾರಿಯಲ್ಲಿ ಏನಾದರೂ ಸೋರಿದರೆ ಅದು ಮೂಡಣ ಬದಿಯ ಮನೆಗಳಿಗೆ, ರಾತ್ರಿ ಸೋರಿದರೆ ಪಡುವಣ ಬದಿಯ ಕಡಪ್ಪುರಕ್ಕೆ. ಇನ್ನು ನಮ್ಮ ನೆಲ. ಮೇಲೆ ಮುರಕಲ್ಲಿನ ಪದವು, ಕೆಳಗೆ ಬೈಲು, ಬೈಲಿನಲ್ಲಿ ಅಡಿಕೆ ತೋಟ, ತೋಟದ ಬದಿಗೆ ಮನೆ. ಎಲ್‌ಪಿಜಿ ಗಾಳಿಗಿಂತ ಭಾರ, ತೋಡು ಹಿಡಿದು ಇಳಿಯುತ್ತದೆ. ಆರು ಪಥದ ಹೊಸ ರಸ್ತೆಯನ್ನು ಕೆಲವು ಕಡೆ ಎತ್ತರಿಸಿ, ಬದಿಗೆ ಗೋಡೆ ಕಟ್ಟಿದ್ದಾರೆ. ಮೇಲೆ ಸೋರಿದ್ದು ಯಾವ ಅಂಡರ್‌ಪಾಸಿನಲ್ಲಿ, ಯಾವ ಚರಂಡಿಯಲ್ಲಿ ಇಳಿದು ಯಾರ ಅಂಗಳಕ್ಕೆ ಬರುತ್ತದೆ ಎಂದು ಯಾರಾದರೂ ನಡೆದು ನೋಡಿದ್ದಾರಾ? ಇದಕ್ಕೆ ಅಮೆರಿಕದ ಸಾಫ್ಟ್‌ವೇರ್ ಬೇಡ, ಒಂದು ಜೊತೆ ಚಪ್ಪಲಿ ಸಾಕು. ಆದರೆ ನಡೆದು ನೋಡಿದ್ದನ್ನು ಸಾಫ್ಟ್‌ವೇರಿನ ನಕ್ಷೆಯ ಮೇಲೆ ಬರೆಯಬೇಕು, ಆಗ ಮಾತ್ರ ಎರಡಕ್ಕೂ ಬೆಲೆ.

ಏನು ಮಾಡಬೇಕು ಎಂಬುದೂ ಗ್ಯಾಸಿನ ಮೇಲೆ ಹೋಗುತ್ತದೆ. ಅಮೋನಿಯಾದಂಥದ್ದು ಸ್ವಲ್ಪ ಹೊತ್ತು ಮಾತ್ರ ಹಾದುಹೋಗುವುದಾದರೆ ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೂರುವುದು ಲೇಸು. ಐಸ್ ಪ್ಲಾಂಟುಗಳಲ್ಲಿ ಅದು ಇರುತ್ತದೆ, ಕಡಲ ಬದಿಯವರು ಮರೆಯಬೇಡಿ. ಎಲ್‌ಪಿಜಿ ಆದರೆ ಮನೆ ಬಿಟ್ಟು ಹೊರಡಬೇಕು, ಸ್ವಿಚ್ ಮುಟ್ಟಬಾರದು, ಬೈಕ್ ಸ್ಟಾರ್ಟ್ ಮಾಡಬಾರದು. ಒಂದಕ್ಕೆ ಸರಿಯಾದದ್ದು ಇನ್ನೊಂದಕ್ಕೆ ಸಾವು. ಟ್ಯಾಂಕರಿನ ಹಿಂದೆ, ಬದಿಗೆ ಒಂದು ಫಲಕ ಇರಲೇಬೇಕು, ಅದು ಮೋಟಾರು ವಾಹನ ನಿಯಮ. ಅದರಲ್ಲಿ ನಾಲ್ಕು ಅಂಕಿಯ ಒಂದು ನಂಬರ್ ಇರುತ್ತದೆ. 1075 ಎಂದರೆ ಎಲ್‌ಪಿಜಿ, 1005 ಅಮೋನಿಯಾ, 1017 ಕ್ಲೋರಿನ್, 1203 ಪೆಟ್ರೋಲ್. ಮೇಲಿನ ಕೋಡಿನ ಕೊನೆಯಲ್ಲಿ ಇಂಗ್ಲಿಷಿನ 'ಇ' ಅಕ್ಷರ ಇದ್ದರೆ ಜನರನ್ನು ತೆರವು ಮಾಡುವ ಬಗ್ಗೆ ಯೋಚಿಸಬೇಕು ಎಂದರ್ಥ. ಉಪ್ಪನಿಗೆ ನಾನು ಇದನ್ನು ಹೇಳಿಕೊಟ್ಟೆ. ಈಗ ಅಂಗಡಿಯಲ್ಲಿ ಕುಳಿತು ಟ್ಯಾಂಕರ್ ಹೋದಾಗೆಲ್ಲ ನಂಬರ್ ಓದುತ್ತಾರೆ, ಎದುರು ಕುಳಿತವರಿಗೂ ಓದಿಸುತ್ತಾರೆ. ಸ್ವಲ್ಪ ಕಿರಿಕಿರಿಯೇ.

ಭಾಷೆಯ ವಿಷಯ ಬಿಟ್ಟರೆ ನಾವು ಕಾಸರಗೋಡಿನವರೇ ಅಲ್ಲ. ನಮ್ಮ ಹಿರಿಯರು ಓದಿದ್ದು ಕನ್ನಡ ಶಾಲೆಯಲ್ಲಿ, ಮನೆಯಲ್ಲಿ ಆಡುವುದು ಬ್ಯಾರಿ, ಕಚೇರಿಯ ಕಾಗದ ಬರುವುದು ಮಲಯಾಳದಲ್ಲಿ. ಪಿಂಚಣಿ ಅರ್ಜಿ ಆದರೆ ನೆರೆಮನೆಯ ಹುಡುಗನಿಂದ ಓದಿಸಿಕೊಳ್ಳಬಹುದು, ಎರಡು ದಿನ ತಡವಾದರೂ ನಡೆಯುತ್ತದೆ. ಗ್ಯಾಸ್ ಬಂದಾಗ ಓದಿಸಿಕೊಳ್ಳಲು ಸಮಯ ಇರುವುದಿಲ್ಲ. ಎಚ್ಚರಿಕೆ ಅರ್ಥವಾಗದ ಭಾಷೆಯಲ್ಲಿ ಬಂದರೆ ಅದು ಸ್ಪೀಡಿಯ ಅಳಿಸಿಹೋದ ಇಮೇಲಿಗೆ ಸಮ. ಗಡಿಯ ವಿಷಯವೂ ಹಾಗೆಯೇ. ಯೋಜನೆ ಮಾಡುವುದು ಜಿಲ್ಲೆ ಜಿಲ್ಲೆಗೆ. ತಲಪಾಡಿಯ ಆಚೆಗೆ ಒಂದು ಫೈಲು, ಈಚೆಗೆ ಇನ್ನೊಂದು. ಅಪಘಾತವಾದರೆ ಗಾಯಾಳುಗಳನ್ನು ಒಯ್ಯುವುದು ಮಂಗಳೂರಿನ ಆಸ್ಪತ್ರೆಗೇ. 2020ರ ಮಾರ್ಚಿನಲ್ಲಿ ಅದೇ ಗಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದನ್ನು, ಆಸ್ಪತ್ರೆ ತಲುಪಲಾಗದೆ ಜನ ಸತ್ತದ್ದನ್ನು ನಾವು ಕಂಡವರು. ಟ್ಯಾಂಕರಿಗೆ ತೆರೆದಿರುವ ಗಡಿ ಆಂಬುಲೆನ್ಸಿಗೆ ತೆರೆದಿರುತ್ತದೆ ಎಂದು ಎರಡೂ ಜಿಲ್ಲಾಧಿಕಾರಿಗಳು ಸೇರಿ ಬರೆದುಕೊಟ್ಟ ಕಾಗದ ಎಲ್ಲಿದೆ?

ಗಾಳಿಯ ಮಾತನ್ನು ಕೇಳದೆ ಇದ್ದರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಎಣ್ಮಕಜೆಯ ಪಡ್ರೆ, ಸ್ವರ್ಗ ಕಡೆಯ ಕನ್ನಡ ಹಳ್ಳಿಗಳು ಗುಡ್ಡದ ತೋಟಗಳ ಕೆಳಗೆ ಬೈಲಿನಲ್ಲಿವೆ. ಔಷಧ ತೋಟದ ಬೇಲಿಯೊಳಗೆ ನಿಲ್ಲಲಿಲ್ಲ. ಅದನ್ನು ಮೊದಲು ಕಂಡದ್ದು ಯಾವ ಕಂಪ್ಯೂಟರೂ ಅಲ್ಲ, ತನ್ನ ಊರಿನ ಕಾಯಿಲೆಗಳು ಯಾಕೆ ಹೀಗೆ ಎಂದು ಕೇಳಿದ ಪಡ್ರೆಯ ಡಾ. ಮೋಹನ ಕುಮಾರ್, ಅದನ್ನು ಬರೆದ ಪತ್ರಕರ್ತ ಶ್ರೀಪಡ್ರೆ, ಅವರ ಜೊತೆ ನಿಂತ ಊರಿನವರು. ದೇಶದಲ್ಲಿ ಎಂಡೋಸಲ್ಫಾನಿಗೆ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಅಷ್ಟು ಕಾಲ "ಔಷಧ ಕೆಳಗೆ ಬರುವುದಿಲ್ಲ" ಎಂದು ಹೇಳಿದ ತಜ್ಞರಿಗೆ ಕೊರತೆ ಇರಲಿಲ್ಲ.

ಕೊನೆಗೆ ನಮ್ಮ ಜಮಾಅತ್ ಕಮಿಟಿಗಳ ಜೊತೆ ನನಗೆ ಸ್ವಲ್ಪ ಮಾತಿದೆ. ಸಿಟ್ಟು ಮಾಡಿಕೊಂಡರೂ ಪರವಾಗಿಲ್ಲ. ಮಸೀದಿಗೆ ಎಸಿ ಹಾಕಿಸಲು, ಹೆಬ್ಬಾಗಿಲಿಗೆ ಗ್ರಾನೈಟ್ ಹಾಕಿಸಲು ಗಲ್ಫಿನಿಂದ ಹಣ ತರಿಸುತ್ತೇವೆ. ಇಡೀ ಮೊಹಲ್ಲಾವನ್ನು ಒಂದು ನಿಮಿಷದಲ್ಲಿ ಎಬ್ಬಿಸಬಲ್ಲ ಒಂದೇ ಒಂದು ಯಂತ್ರ ನಮ್ಮ ಹತ್ತಿರ ಇದೆ, ಅದು ಮಸೀದಿಯ ಮೈಕ್. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬಳಸಬಾರದು ಎಂಬ ಶಬ್ದ ಮಾಲಿನ್ಯ ನಿಯಮದಲ್ಲೇ ಸಾರ್ವಜನಿಕ ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ, ಹೆದರಬೇಕಾಗಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಮೈಕ್ ಹಿಡಿದು ಏನು ಹೇಳಬೇಕು ಎಂದು ಯಾವ ಉಸ್ತಾದರಿಗೆ ಗೊತ್ತಿದೆ? "ಪಡುವಣಕ್ಕೆ ಹೋಗಬೇಡಿ, ಲೈಟ್ ಹಾಕಬೇಡಿ, ತೆಂಕಕ್ಕೆ ನಡೆಯಿರಿ" ಎಂಬ ಮೂರು ವಾಕ್ಯ ಬ್ಯಾರಿಯಲ್ಲಿ, ಕನ್ನಡದಲ್ಲಿ, ಮಲಯಾಳದಲ್ಲಿ ಬರೆದು ಮೈಕಿನ ಪಕ್ಕ ಅಂಟಿಸಿಟ್ಟ ಮಸೀದಿ ನಾನು ಒಂದೂ ನೋಡಿಲ್ಲ. ಯಾವ ದಿಕ್ಕು ಎಂದು ತುಂಬಿಸಬೇಕಾದದ್ದು ಗಾಳಿ ನೋಡಿ. ಅದಕ್ಕೆ ಮಾಡಿನ ಮೇಲೆ ಒಂದು ಗಾಳಿಚೀಲ ಬೇಕು, ಹೊಲಿಸಿದರೆ ಒಂದು ಜುಬ್ಬಾದ ಬಟ್ಟೆಯೂ ಬೇಡ.

ಮತ್ತು ಇದು ಒಂಟಿಯಾಗಿ ಕೇಳುವ ಕೆಲಸವಲ್ಲ, ಕಚೇರಿಯಲ್ಲಿ ನನಗಾದದ್ದನ್ನು ಹೇಳಿದೆನಲ್ಲ. ಜಮಾಅತ್, ದೇವಸ್ಥಾನದ ಸಮಿತಿ, ಇಗರ್ಜಿ, ಪಂಚಾಯತ್ ಸದಸ್ಯರು, ವ್ಯಾಪಾರಿಗಳ ಸಂಘ ಎಲ್ಲರ ಸಹಿ ಒಂದೇ ಕಾಗದದ ಮೇಲೆ ಬಿದ್ದರೆ "ನಿಮಗೆ ಅದು ಯಾಕೆ" ಎಂಬ ಪ್ರಶ್ನೆ ಯಾರ ಹೆಸರು ನೋಡಿಯೂ ಬರುವುದಿಲ್ಲ. ಗ್ಯಾಸಿಗೆ ಹೆಸರು ಓದಲು ಬರುವುದಿಲ್ಲ ಎಂಬುದು ಅವರಿಗೂ ಗೊತ್ತು. ಕೇಳಬೇಕಾದದ್ದು ಇಷ್ಟು: ತಲಪಾಡಿಯಿಂದ ಕುಂಬಳೆಯವರೆಗೆ ಹೆದ್ದಾರಿಯ ಪ್ರತಿ ಪೇಟೆಗೆ, ಮಳೆಗಾಲಕ್ಕೆ ಬೇರೆ ಬೇಸಿಗೆಗೆ ಬೇರೆ, ಹಗಲಿಗೆ ಬೇರೆ ರಾತ್ರಿಗೆ ಬೇರೆ, ಮೊದಲೇ ಲೆಕ್ಕ ಹಾಕಿದ ನಕ್ಷೆ. ಅದರ ಕೆಳಗೆ, ಈ ನಕ್ಷೆ ಯಾವಾಗ ತಪ್ಪಾಗಬಹುದು ಎಂಬ ಸಾಲು. ಎಲ್ಲವೂ ಕನ್ನಡದಲ್ಲಿಯೂ. ಸಾಫ್ಟ್‌ವೇರ್ ಪುಕ್ಕಟೆ, ಲೆಕ್ಕ ಹಾಕಲು ಒಬ್ಬರಿಗೆ ಒಂದು ವಾರದ ಕೆಲಸ. ಖರ್ಚಿನ ನೆಪ ಯಾರೂ ಹೇಳುವ ಹಾಗಿಲ್ಲ.

ಪತ್ರದ ಕರಡು ಕನ್ನಡದಲ್ಲಿ ಬರೆದು ಇಟ್ಟಿದ್ದೇನೆ. ಮಲಯಾಳಕ್ಕೆ ಹಾಕಿಕೊಡುವವರು ಒಬ್ಬರು ಬೇಕು. ಸಹಿ ಹಾಕುವ ಕಮಿಟಿಯವರು ಅದಕ್ಕಿಂತ ಮೊದಲು ಮೈಕಿನ ಬ್ಯಾಟರಿ ಒಮ್ಮೆ ಪರೀಕ್ಷೆ ಮಾಡಿಸಿ, ಯಾಕೆಂದರೆ ಗ್ಯಾಸ್ ಸೋರಿದಾಗ ಕಿಡಿ ಹಾರಬಾರದು ಎಂದು ಮೊದಲು ಕಡಿಯುವುದು ಕರೆಂಟನ್ನು.